ಎಲ್ಲ ಸಂಘದವರೂ ‘ಆಯ್ತು’ ಅಂದರು, ನಾಲ್ಕನೇ ವಾರ ಯಾರೂ ಬರಲಿಲ್ಲ

ಮೂಲೆಮನೆ:
ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು 5 ಜನ. ನಮ್ಮ ಬಡಾವಣೆಯ ಹಸಿ ಕಸ ಇಲ್ಲೇ ಗೊಬ್ಬರ ಆಗಬೇಕು, ಮಳೆ ನೀರು ಸುಮ್ನೆ ಚರಂಡಿಗೆ ಹೋಗಬಾರದು, ರಸ್ತೆ ಬದಿಯಲ್ಲಿ ನೆರಳು ಬೇಕು. ಇಷ್ಟೇ ಆಸೆ. ಐದು ಜನರಿಂದ ಆಗುವ ಕೆಲಸ ಅಲ್ಲ ಅಂತ ಗೊತ್ತಿತ್ತು. ಅದಕ್ಕೇ ಇಲ್ಲಿ ಆಗಲೇ ಇರುವ ಗುಂಪುಗಳ ಹತ್ತಿರ ಹೋದೆವು. ನಿವಾಸಿಗಳ ಸಂಘ, ಮಹಿಳೆಯರ ಉಳಿತಾಯ ಸಂಘ, ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಹಿರಿಯರು, ಹುಡುಗರ ಕ್ರೀಡಾ ಕ್ಲಬ್, ಶಾಲೆಯ ಪೋಷಕರು. 14 ಸ್ಲೈಡಿನ ಪ್ರೆಸೆಂಟೇಷನ್ ಮಾಡಿಕೊಂಡು ಹೋಗಿದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ‘ಆಯ್ತು, ಮಾಡೋಣ’ ಅಂದರು.

ಮೊದಲ ಭಾನುವಾರ 40 ಜನ ಬಂದರು. ಎರಡನೇ ವಾರ 9. ನಾಲ್ಕನೇ ವಾರ ನಾವೇ, ಅದರಲ್ಲೂ ಒಬ್ಬರಿಗೆ ಜ್ವರ. ಗೊಬ್ಬರದ ತೊಟ್ಟಿ ಈಗ ಗಬ್ಬು ನಾರುತ್ತಿದೆ. ಪಕ್ಕದ ಮನೆಯವರು ದಿನಾ ಬೈಯುತ್ತಿದ್ದಾರೆ. ನೆಟ್ಟ 30 ಗಿಡಗಳಲ್ಲಿ ಎಷ್ಟು ಬದುಕಿವೆ ಅಂತ ಎಣಿಸುವ ಧೈರ್ಯ ನನಗಿಲ್ಲ.

ಎಲ್ಲಿ ತಪ್ಪಿದೆವು? ತೊಟ್ಟಿ ಮುಚ್ಚಿಬಿಡೋಣವೇ?

ತರಗೆಲೆ:
ಮುಚ್ಚಬೇಡಿ. ಜನರ ವಿಷಯ ಆಮೇಲೆ, ಮೊದಲು ವಾಸನೆ ನಿಲ್ಲಿಸಿ. ವಾಸನೆ ಇರುವವರೆಗೂ ಯಾವ ಸಂಘವೂ ನಿಮ್ಮ ಹತ್ತಿರ ಬರುವುದಿಲ್ಲ.

ಎಂಥ ವಾಸನೆ ಅಂತ ನೋಡಿ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ. ಮೂಗಿಗೆ ಚುರುಕು ಹೊಡೆಯುವ ಅಮೋನಿಯಾ ವಾಸನೆ ಇದ್ದರೆ ಹಸಿ ಕಸ ಜಾಸ್ತಿ, ಒಣ ಎಲೆ ಕಡಿಮೆ. ಎರಡಕ್ಕೂ ಮದ್ದು ಒಂದೇ. ಒಣಗಿದ ತರಗೆಲೆ ಸುರಿದು, ಚೆನ್ನಾಗಿ ಮಗುಚಿ ಹಾಕಿ. ಒಂದು ಬಕೆಟ್ ಹಸಿ ಕಸಕ್ಕೆ ಎರಡರಿಂದ ಮೂರು ಬಕೆಟ್ ತರಗೆಲೆ. ಇಂಗಾಲ (ಒಣ ಎಲೆಯಲ್ಲಿ ಜಾಸ್ತಿ) ಮತ್ತು ಸಾರಜನಕದ (ಹಸಿ ಕಸದಲ್ಲಿ ಜಾಸ್ತಿ) ಅನುಪಾತ 30ಕ್ಕೆ 1ರ ಹತ್ತಿರ ಇರಬೇಕು ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಬಕೆಟ್ ಲೆಕ್ಕದಲ್ಲಿ ಅದು ಸುಮಾರು ಹೀಗೆ ಬರುತ್ತದೆ.

ತೇವ ನೋಡಲು ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಜಾಸ್ತಿ. ಪುಡಿಯಾಗಿ ಉದುರಿದರೆ ಕಡಿಮೆ. ರಾಶಿ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಆದರೂ ಇರಲಿ. ಇಲ್ಲದಿದ್ದರೆ ಬಿಸಿ ಒಳಗೆ ನಿಲ್ಲುವುದಿಲ್ಲ. ನಡುವೆ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ಹಾಗೇ ನಿಂತರೆ ರೋಗಾಣು, ಕಳೆಬೀಜ ಬಹುಪಾಲು ಸಾಯುತ್ತವೆ. ಮೇಲೆ ಯಾವಾಗಲೂ ಒಂದು ಪದರ ತರಗೆಲೆ ಇರಲಿ, ನೊಣ ಕೂರುವುದಿಲ್ಲ.

ಪಕ್ಕದ ಮನೆಯವರನ್ನು ಒಂದು ವಾರದ ನಂತರ ಕರೆದು ‘ಈಗ ಮೂಸಿ ನೋಡಿ’ ಅನ್ನಿ. ತಮಾಷೆ ಅಲ್ಲ, ನಿಜವಾಗಿ ಕರೆಯಿರಿ.

ಒರಟು ಮಾತು:
40 ಜನ ಬಂದಿದ್ದು ಕೆಲಸಕ್ಕಲ್ಲ, ಫೋಟೋಗೆ. ಬ್ಯಾನರಿನಲ್ಲಿ ಯಾರ ಹೆಸರು ದೊಡ್ಡದಾಗಿತ್ತು ಹೇಳಿ ನೋಡೋಣ.

ಮೂಲೆಮನೆ:
ನಮ್ಮದೇ. ‘ಸಹಯೋಗ’ ಅಂತ ಕೆಳಗೆ ಎಲ್ಲರ ಹೆಸರೂ ಇತ್ತು. ಚಿಕ್ಕ ಅಕ್ಷರದಲ್ಲಿ.

ಒರಟು ಮಾತು:
😀

ಸಂಜೆ ಆರರ ಸಭೆ:
ನಾನು ಆ ಕಡೆಯವಳು. ಅಂದರೆ ನೀವು ಪ್ರೆಸೆಂಟೇಷನ್ ಹಿಡಿದುಕೊಂಡು ಬರುತ್ತೀರಲ್ಲ, ಆ ಬಾಗಿಲಿನ ಒಳಗೆ ಕೂತಿರುವವಳು. 11 ವರ್ಷದಿಂದ ಒಂದು ಉಳಿತಾಯ ಸಂಘ ನೋಡಿಕೊಳ್ಳುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ.

ನಮ್ಮಲ್ಲಿಗೆ ವರ್ಷಕ್ಕೆ ಮೂರ್ನಾಲ್ಕು ಜನ ಹೀಗೆ ಬರುತ್ತಾರೆ. ಎಲ್ಲರೂ ಒಳ್ಳೆಯವರೇ. ಎಲ್ಲರ ಯೋಜನೆಯೂ ಬರುವ ಹೊತ್ತಿಗೇ ತಯಾರಾಗಿರುತ್ತದೆ. ನಾವು ಸೇರಬೇಕಾದ ಜಾಗವನ್ನೂ ಅವರೇ ಗುರುತು ಮಾಡಿರುತ್ತಾರೆ. ‘ನೀವು ಜನರನ್ನು ಕರೆತನ್ನಿ’ ಅನ್ನುತ್ತಾರೆ. ನಮಗೆ ‘ಆಯ್ತು’ ಅನ್ನದೆ ದಾರಿ ಇಲ್ಲ. ಮನೆ ಬಾಗಿಲಿಗೆ ಬಂದವರಿಗೆ ‘ಬೇಡ’ ಅನ್ನಲು ಮನಸ್ಸು ಬರುವುದಿಲ್ಲ. ಆ ‘ಆಯ್ತು’ ನಿಮ್ಮ ಕೆಲಸಕ್ಕೆ ಹೇಳಿದ್ದಲ್ಲ, ನಿಮಗೆ ಕೊಟ್ಟ ಮರ್ಯಾದೆ. ನೀವು ಅದನ್ನೇ ಸಹಿ ಅಂದುಕೊಂಡು ಹೋಗುತ್ತೀರಿ.

ಭಾನುವಾರ ಬೆಳಿಗ್ಗೆ 7ಕ್ಕೆ ಕರೆದಿದ್ದಿರಾ? ಯಾರನ್ನು ಕೇಳಿ ಆ ಹೊತ್ತು ಇಟ್ಟಿರಿ? ನಮ್ಮ ಸದಸ್ಯರಿಗೆ ವಾರದಲ್ಲಿ ಒಂದೇ ದಿನ ಸ್ವಲ್ಪ ತಡವಾಗಿ ಏಳಲು ಆಗುವುದು ಅವತ್ತು. ನಮ್ಮ ಸಭೆಗೆ ಸಂಜೆ 6 ಅಂತ ಗೊತ್ತು ಮಾಡಲು ನಮಗೇ ಎರಡು ವರ್ಷ ಬೇಕಾಯಿತು.

ಇನ್ನೊಂದು ಪ್ರಶ್ನೆ. ತೊಟ್ಟಿ ಇರುವ ಜಾಗಕ್ಕೆ ಗೇಟು, ಸಲಕರಣೆಗೆ ಒಂದು ಶೆಡ್ಡು ಇರಬೇಕಲ್ಲ? ಆ ಬೀಗದ ಕೀ ಯಾರ ಹತ್ತಿರ ಇದೆ?

ಮೂಲೆಮನೆ:
ಅಕ್ಕ, ಭಾನುವಾರ 7 ಗಂಟೆಯೇ. ಯಾರನ್ನೂ ಕೇಳಲಿಲ್ಲ. ಕೀ ನನ್ನ ಹತ್ತಿರ ಇದೆ. ಇನ್ನೊಂದು ಕೀ ನಮ್ಮ ಗೆಳೆಯನ ಹತ್ತಿರ.

ಓದೋ ಹುಚ್ಚು:
ಅಕ್ಕ ಹೇಳಿದ್ದಕ್ಕೆ ಹಳೆಯ ಲೆಕ್ಕ ಒಂದಿದೆ. ಅಮೆರಿಕದ ಶೆರ್ರಿ ಅರ್ನ್‌ಸ್ಟೈನ್ ಎಂಬುವವರು 1969ರಲ್ಲಿ ಜನರ ಭಾಗವಹಿಸುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ಬರೆದರು. ಕೆಳಗಿನ ಎರಡು ಮೆಟ್ಟಿಲು ಬರೀ ನಾಟಕ. ಮೂರನೆಯದು ವಿಷಯ ತಿಳಿಸುವುದು. ನಾಲ್ಕನೆಯದು ಅಭಿಪ್ರಾಯ ಕೇಳುವುದು. ಐದನೆಯದು ಸಮಾಧಾನಕ್ಕೆ ಒಂದು ಕುರ್ಚಿ ಕೊಡುವುದು. ‘ಪಾಲುದಾರಿಕೆ’ ಬರುವುದು ಆರನೇ ಮೆಟ್ಟಿಲಲ್ಲಿ. ಅಲ್ಲಿಂದ ಮಾತ್ರ ಜನರ ಕೈಗೆ ನಿಜವಾಗಿ ಏನಾದರೂ ತೀರ್ಮಾನ ಸಿಗುತ್ತದೆ. ಮೂಲೆಮನೆಯವರು 14 ಸ್ಲೈಡ್ ತೋರಿಸಿ ಮೂರನೇ ಮೆಟ್ಟಿಲಲ್ಲಿ ನಿಂತು ಆರನೆಯದು ಅಂದುಕೊಂಡಿದ್ದಾರೆ.

ಒರಟು ಮಾತು:
ಏಣಿ ಚೆನ್ನಾಗಿದೆ. ಆದರೆ ಎಲ್ಲರನ್ನೂ ಕೇಳಿಕೊಂಡು ಕೂತರೆ ತೊಟ್ಟಿ ಯಾವಾಗ ಕಟ್ಟುವುದು? ನಾವು ಒಂದು ಸಲ 7 ಸಭೆ ಮಾಡಿದ್ದೆವು, ತೊಟ್ಟಿಗೆ ಯಾವ ಬಣ್ಣ ಅಂತ. ಕೊನೆಗೆ ಬಣ್ಣವೇ ಹಚ್ಚಲಿಲ್ಲ.

ಸಂಜೆ ಆರರ ಸಭೆ:
ಎಲ್ಲವನ್ನೂ ಎಲ್ಲರನ್ನೂ ಕೇಳಬೇಡಿ. ಯಾರಿಗೆ ನೋವಾಗುತ್ತದೋ ಅವರನ್ನು ಕೇಳಿ. ತೊಟ್ಟಿಯ ಜಾಗ ಎಲ್ಲಿ ಅಂತ ಪಕ್ಕದ ಮನೆಯವರನ್ನು ಕೇಳಬೇಕಿತ್ತು. ಬಣ್ಣ ನಿಮ್ಮಿಷ್ಟ.

ಕೈಗಾಡಿ:
ಸಂಘಗಳ ಪಟ್ಟಿ ಓದಿದೆ. ಕಸ ಎತ್ತುವವರು ಅದರಲ್ಲಿ ಇಲ್ಲವೇ ಇಲ್ಲ. ನಾನು ನಮ್ಮ ಬೀದಿಯಲ್ಲಿ ಇಂಥ ಕೆಲಸ ಶುರು ಮಾಡುವಾಗ ಮೊದಲು ಮಾತಾಡಿದ್ದು ಅವರ ಹತ್ತಿರ. ಯಾವ ಮನೆಯವರು ಕಸ ಬೇರೆ ಮಾಡುತ್ತಾರೆ, ಯಾರು ಗಾಜಿನ ಚೂರನ್ನು ಹಸಿ ಕಸದ ಒಳಗೆ ಸೇರಿಸುತ್ತಾರೆ, ಯಾವ ದಿನ ಕಸ ಜಾಸ್ತಿ, ಎಲ್ಲ ಅವರಿಗೆ ಬಾಯಿಪಾಠ. ಸರ್ವೆ ಮಾಡಿದರೆ ಜನ ‘ನಾವು ಬೇರೆ ಮಾಡುತ್ತೇವೆ’ ಅಂತಲೇ ಬರೆಯುತ್ತಾರೆ. ಚೀಲ ಬಿಚ್ಚುವವರಿಗೆ ನಿಜ ಗೊತ್ತು.

ಇನ್ನೊಂದು ಮಾತು. ಒಣ ಕಸದಲ್ಲಿ ಬರುವ ರದ್ದಿ, ಬಾಟಲಿ, ತಗಡು ಮಾರಿ ಬದುಕುವವರೂ ಇದ್ದಾರೆ. ನೀವು ಉತ್ಸಾಹದಲ್ಲಿ ಅದನ್ನೂ ‘ನಮ್ಮ ಸಂಗ್ರಹ ಕೇಂದ್ರ’ ಅಂತ ಎಳೆದುಕೊಂಡರೆ ಅವರ ಹೊಟ್ಟೆಗೆ ಹೊಡೆದಂತೆ. ಪರಿಸರದ ಹೆಸರಿನಲ್ಲಿ ಇದು ಬಹಳ ಸಲ ಆಗುತ್ತದೆ, ಯಾರೂ ಮಾತಾಡುವುದಿಲ್ಲ.

ಮೂಲೆಮನೆ:
ನಿಜ ಹೇಳಬೇಕೆಂದರೆ ಅದು ತಲೆಗೇ ಬರಲಿಲ್ಲ.

ಲೆಕ್ಕದ ಪುಸ್ತಕ:
ನಾನು ಖಜಾಂಚಿ, ನನಗೆ ಕಾಣುವುದು ದುಡ್ಡಿನ ತಾಪತ್ರಯ ಮಾತ್ರ. ಎರಡು ಗುಂಪು ಸೇರಿ ಕೆಲಸ ಮಾಡುವಾಗ ಒಂದು ಹಾಳೆ ಬರೆಯಿರಿ. ವಕೀಲರ ಭಾಷೆ ಬೇಡ. ಯಾರು ಏನು ಮಾಡುತ್ತಾರೆ, ದುಡ್ಡು ಯಾರ ಖಾತೆಯಲ್ಲಿ, ಖರ್ಚಿಗೆ ಯಾರಿಬ್ಬರ ಸಹಿ, ಗೊಬ್ಬರ ಬಂದರೆ ಯಾರ ಪಾಲು ಎಷ್ಟು, ಸಲಕರಣೆ ಯಾರದು, ಜಗಳ ಆದರೆ ಯಾರು ಕೂತು ಬಗೆಹರಿಸುತ್ತಾರೆ. ಮುಖ್ಯವಾದದ್ದು ಇನ್ನೊಂದು ಇದೆ. ಯಾರಾದರೂ ಬಿಟ್ಟು ಹೋಗಬೇಕು ಅಂದರೆ ಹೇಗೆ ಹೋಗಬೇಕು. ಇದನ್ನು ಬರೆಯಲು ಎಲ್ಲರಿಗೂ ಮುಜುಗರ. ಆದರೆ ಮರ್ಯಾದೆಯಿಂದ ಹೋಗಲು ದಾರಿ ಇದ್ದರೆ ಜನ ಧೈರ್ಯವಾಗಿ ಸೇರುತ್ತಾರೆ.

ಲೆಕ್ಕವನ್ನು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಮೇಲಕ್ಕೆ ಹೋಗಿ ಮರೆಯಾಗುತ್ತದೆ. ಗೋಡೆ ಎಲ್ಲೂ ಹೋಗುವುದಿಲ್ಲ. ನಮ್ಮಲ್ಲಿ ಒಂದು ಸಲ ಯಾರೂ ದುಡ್ಡು ತಿಂದಿರಲಿಲ್ಲ, ಆದರೂ ಗುಂಪು ಒಡೆಯಿತು. ಲೆಕ್ಕ ತೋರಿಸಲು ಆರು ತಿಂಗಳು ತಡ ಮಾಡಿದ್ದೆವು, ಅಷ್ಟೇ.

ಓದೋ ಹುಚ್ಚು:
ಇದನ್ನೇ ಎಲಿನಾರ್ ಆಸ್ಟ್ರಮ್ ಹೇಳಿದ್ದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು, ಆ ವಿಭಾಗದಲ್ಲಿ ಮೊದಲ ಮಹಿಳೆ. ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿ ಕಾಲುವೆ ಇಂಥವನ್ನು ಊರಿನವರೇ ಸೇರಿ ನೂರಾರು ವರ್ಷ ಕಾಪಾಡಿಕೊಂಡು ಬಂದ ಕಡೆಗಳನ್ನು ನೋಡಿ 8 ಅಂಶ ಗುರುತಿಸಿದರು. ಯಾರು ಒಳಗೆ, ಯಾರು ಹೊರಗೆ ಸ್ಪಷ್ಟ ಇರಬೇಕು. ನಿಯಮಕ್ಕೆ ಒಳಪಡುವವರಿಗೇ ಅದನ್ನು ಬದಲಿಸುವ ಹಕ್ಕು ಇರಬೇಕು. ತಪ್ಪಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು. ಜಗಳ ತೀರಿಸಲು ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಒಂದು ಜಾಗ ಇರಬೇಕು.

ಒರಟು ಮಾತು:
ನಮ್ಮಲ್ಲಿ ಮೊದಲು ದೊಡ್ಡ ದಂಡ, ಆಮೇಲೆ ಏನೂ ಇಲ್ಲ.

ಹಳೇ ಸೈಕಲ್:
ತೊಟ್ಟಿ, ಗಿಡ ಎಲ್ಲ ನಿಧಾನದ ಕೆಲಸ. ಮೂರು ತಿಂಗಳು ಫಲ ಕಾಣುವುದಿಲ್ಲ. ಅಂದೇ ಕೈಗೆ ಏನಾದರೂ ಸಿಗುವ ಕೆಲಸ ಒಂದು ಜೊತೆಯಲ್ಲಿ ಇಟ್ಟುಕೊಳ್ಳಿ. ನಾವು ತಿಂಗಳಿಗೊಮ್ಮೆ ರಿಪೇರಿ ದಿನ ಮಾಡುತ್ತೇವೆ. ಮಿಕ್ಸಿ, ಫ್ಯಾನು, ಛತ್ರಿ, ಸೈಕಲ್, ಹರಿದ ಬ್ಯಾಗು. ರಿಪೇರಿ ಬಲ್ಲವರು ಮೇಜು ಹಾಕಿಕೊಂಡು ಕೂರುತ್ತಾರೆ. ಸಾಮಾನು ತಂದವರು ಪಕ್ಕದಲ್ಲೇ ಕೂತು ಕಲಿಯಬೇಕು, ಬಿಟ್ಟು ಹೋಗುವಂತಿಲ್ಲ. ಇದು ನಮ್ಮ ಬುದ್ಧಿ ಅಲ್ಲ. ಮಾರ್ಟಿನ್ ಪೋಸ್ಟ್‌ಮಾ ಎಂಬ ಮಹಿಳೆ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರು ಮಾಡಿದ್ದು. ಈಗ ಜಗತ್ತಿನ ಬೇಕಾದಷ್ಟು ಕಡೆ ನಡೆಯುತ್ತಿದೆ.

ಇದರಲ್ಲಿ ಗಮ್ಮತ್ತು ಏನು ಗೊತ್ತಾ? ಸಭೆಯಲ್ಲಿ ಬಾಯಿ ಬಿಡದವರು ಇಲ್ಲಿ ರಾಜರು. ನಿವೃತ್ತರಾದ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ. ಎರಡು ವರ್ಷ ನಮ್ಮ ಸಂಘದಲ್ಲಿ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿದ್ದವರು. ಈಗ ಅವರ ಮೇಜಿನ ಮುಂದೆ ಸಾಲು ನಿಲ್ಲುತ್ತದೆ. ಒಂದು ಎಚ್ಚರಿಕೆ: ಕರೆಂಟಿನ ಸಾಮಾನನ್ನು ಬಲ್ಲವರು ಮಾತ್ರ ಮುಟ್ಟಬೇಕು, ವಾಪಸ್ ಕೊಡುವ ಮುಂಚೆ ಪರೀಕ್ಷೆ ಮಾಡಬೇಕು. ಹಳೇ ಮೈಕ್ರೊವೇವನ್ನು ನಾವು ಬಿಚ್ಚುವುದೇ ಇಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಉಳಿದಿರುತ್ತದೆ.

ಮಳೆಹನಿ:
ಗಿಡದ ವಿಷಯಕ್ಕೆ ಬರುತ್ತೇನೆ. 30 ಗಿಡ ನೆಟ್ಟಿರಿ, ನೀರು ಯಾರು ಹಾಕುತ್ತಾರೆ ಅಂತ ಕೇಳಿದ್ದಿರಾ? ನೆಟ್ಟ ಗಿಡಕ್ಕೆ ಬೇರು ಹಿಡಿಯುವವರೆಗೆ ಎರಡು ಮೂರು ವರ್ಷ ಬೇಸಿಗೆಯಲ್ಲಿ ನೀರು ಬೇಕೇ ಬೇಕು. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೊಂದೆರಡು ಸಲ ಆಳಕ್ಕೆ ಇಳಿಯುವಷ್ಟು ಹಾಕಿ. ಬುಡದ ಸುತ್ತ ಒಂದು ಗೇಣಿಗಿಂತ ಕಡಿಮೆ ದಪ್ಪಕ್ಕೆ ತರಗೆಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ಹೋಗಿ ಎಣಿಸಿ ಮೊದಲು. 12 ಬದುಕಿದ್ದರೆ 12ಕ್ಕೆ 12 ಮನೆ ಹುಡುಕಿ. 30ರ ಕನಸು ಬಿಡಿ.

ಮಳೆ ನೀರಿನ ಲೆಕ್ಕ ಬಹಳ ಸುಲಭ, ಮಕ್ಕಳಿಗೂ ಹೇಳಬಹುದು. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಮಳೆ ಅಂದರೆ 2000 ಲೀಟರ್. ಆವಿ, ಸೋರಿಕೆ, ಮೊದಲ ಕೊಳೆ ನೀರು ಬಿಟ್ಟರೂ 1600 ಹತ್ತಿರ ಸಿಗುತ್ತದೆ. ಡ್ರಮ್ಮಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಹಾರುವ ಸೊಳ್ಳೆ ಆಗಲು ವಾರ, ಹತ್ತು ದಿನ ಸಾಕು. ನಿಮ್ಮ ಡ್ರಮ್ಮಿನಿಂದ ಬೀದಿಗೆ ಜ್ವರ ಬಂದರೆ ಮತ್ತೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

ಬೇರೆ ಊರಿನ ಹುಡುಗ:
ಜಪಾನಿನ ಕಮಿಕಾಟ್ಸು ಎಂಬ ಸಣ್ಣ ಪಟ್ಟಣದಲ್ಲಿ ಜನ ಕಸವನ್ನು 40ಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರಂತೆ. ಸುಮಾರು 80% ಮರುಬಳಕೆ. ನಮ್ಮ ಜನಕ್ಕೆ ಎರಡು ಬಗೆ ಮಾಡಲು ಬರುವುದಿಲ್ಲ. ಮನಸ್ಸಿಲ್ಲ, ಅಷ್ಟೇ.

ಓದೋ ಹುಚ್ಚು:
ಪೂರ್ತಿ ಕಥೆ ಹಾಗಿಲ್ಲ ತಮ್ಮಾ. ಅಲ್ಲಿಯ ಕಸ ಸುಡುವ ಯಂತ್ರವನ್ನು ವಿಷಾನಿಲದ ನಿಯಮದಿಂದಾಗಿ ಮುಚ್ಚಬೇಕಾಯಿತು. ಬೇರೆ ಕಡೆ ಸಾಗಿಸಲು ದುಡ್ಡು ಸಾಲದು. ಆ ಇಕ್ಕಟ್ಟಿನಿಂದ 2003ರಲ್ಲಿ ‘ಕಸ ಸೊನ್ನೆ’ ಅಂತ ಘೋಷಿಸಿದರು. ಜನ ಅಲ್ಲಿ ಹುಟ್ಟುವಾಗಲೇ 40 ಡಬ್ಬಿ ಹಿಡಿದು ಹುಟ್ಟಲಿಲ್ಲ. ಕಸ ತರುವ ಕೇಂದ್ರದಲ್ಲೇ ಬೇಡದ ಒಳ್ಳೆಯ ಸಾಮಾನು ಬಿಟ್ಟು ಹೋಗುವ, ಬೇಕಾದವರು ಪುಕ್ಕಟೆ ಒಯ್ಯುವ ಅಂಗಡಿ ಇದೆ. ಅಲ್ಲಿಗೆ ಬಂದವರು ನಿಂತು ಮಾತಾಡುತ್ತಾರೆ. ‘ಮನಸ್ಸಿಲ್ಲ’ ಅನ್ನುವುದು ಸುಲಭ. ಆದರೆ ಅವರಿಗೆ ಏನು ತೊಂದರೆ ಇತ್ತು, ಯಾವ ಅನುಕೂಲ ಸಿಕ್ಕಿತು ಅಂತ ಕೇಳಬೇಕು.

ಡೆನ್ಮಾರ್ಕಿನ ಸಾಮ್ಸೊ ದ್ವೀಪವನ್ನೂ ನೋಡಿ. ನವೀಕರಿಸಬಹುದಾದ ಶಕ್ತಿಯ ದ್ವೀಪ ಆಗಲು 1997ರಲ್ಲಿ ಸರ್ಕಾರದ ಸ್ಪರ್ಧೆ ಗೆದ್ದಿತು. ನೆಲದ ಮೇಲೆ 11 ಗಾಳಿಯಂತ್ರ, ಸಮುದ್ರದಲ್ಲಿ 10. ಅದರಲ್ಲಿ ರೈತರು, ದ್ವೀಪದ ಜನ ಪಾಲುದಾರರು. ಕಿಟಕಿಯಿಂದ ಕಾಣುವ ರೆಕ್ಕೆ ತಿರುಗಿದರೆ ತಮಗೂ ಬರುತ್ತದೆ ಅಂತ ಗೊತ್ತಿದ್ದವರು ಅದರ ಸದ್ದಿಗೆ ಅಷ್ಟಾಗಿ ಬೈಯುವುದಿಲ್ಲ.

ಲೆಕ್ಕದ ಪುಸ್ತಕ:
ಹಾಗಾದರೆ ಕೇಳುತ್ತೇನೆ. ತೊಟ್ಟಿ ನೋಡಿಕೊಳ್ಳಲು ಒಬ್ಬರಿಗೆ ಸಂಬಳ ಕೊಟ್ಟರೆ ಆಗದಾ? ಸ್ವಯಂಸೇವೆ ಅಂತ ಎಷ್ಟು ದಿನ?

ತರಗೆಲೆ:
ನಾನು ಒಪ್ಪುವುದಿಲ್ಲ. ಸಂಬಳ ಶುರುವಾದ ದಿನ ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ‘ದುಡ್ಡು ಕೊಡುತ್ತಿದ್ದೇವಲ್ಲ’ ಅಂತ ಕಸ ಬೇರೆ ಮಾಡುವುದನ್ನೂ ಬಿಡುತ್ತಾರೆ. ನಮ್ಮಲ್ಲಿ ಹೀಗೇ ಆಯಿತು.

ಕೈಗಾಡಿ:
ನಾನು ಪೂರ್ತಿ ಉಲ್ಟಾ. ಮಗುಚುವುದು, ಜರಡಿ ಹಿಡಿಯುವುದು ಬೆನ್ನು ಮುರಿಯುವ ಕೆಲಸ. ಅದನ್ನು ಪುಕ್ಕಟೆ ಮಾಡಿ ಅನ್ನುವವರು ಸಾಮಾನ್ಯವಾಗಿ ಗುದ್ದಲಿ ಹಿಡಿಯದವರು. ವಾರಕ್ಕೆ ಎರಡು ದಿನ ಯಾರಿಗಾದರೂ ಸರಿಯಾದ ಕೂಲಿ ಕೊಡಿ, ಕೈಗವಸು ಕೊಡಿ. ಜನರಿಗೆ ಬೇರೆ ಕೆಲಸ ಬೇಕಾದಷ್ಟಿದೆ.

ತರಗೆಲೆ:
ಗುದ್ದಲಿ ನಾನೂ ಹಿಡಿದಿದ್ದೇನೆ, ಗೊತ್ತಿರಲಿ. ಆದರೆ ಕೈಗವಸಿನ ಮಾತು ಒಪ್ಪಿದೆ.

ಸಂಜೆ ಆರರ ಸಭೆ:
ಇದನ್ನು ಇಲ್ಲಿ ತೀರ್ಮಾನ ಮಾಡಲು ಆಗುವುದಿಲ್ಲ. ಅವರ ಬಡಾವಣೆಯವರೇ ಹೇಳಬೇಕು. ಮೂಲೆಮನೆಯವರೇ, ನನ್ನ ಸಲಹೆ ಇಷ್ಟು. ಒಂದು ತಿಂಗಳು ಏನನ್ನೂ ಕೇಳಬೇಡಿ. ಐದೂ ಗುಂಪಿನ ಸಭೆಗೆ ಸುಮ್ನೆ ಹೋಗಿ ಕೂತುಕೊಳ್ಳಿ. ಕುರ್ಚಿ ಜೋಡಿಸಿ, ಚಾಪೆ ಮಡಚಿ. ಅವರಿಗೆ ಈಗ ಏನು ತಲೆನೋವು ಅಂತ ಕೇಳಿಸಿಕೊಳ್ಳಿ. ಅದರಲ್ಲಿ ನಿಮ್ಮ ಕೆಲಸಕ್ಕೆ ಹೊಂದುವುದು ಒಂದಾದರೂ ಇರುತ್ತದೆ. ಇಲ್ಲದಿದ್ದರೆ ಆ ಗುಂಪನ್ನು ಬಿಟ್ಟುಬಿಡಿ. ಎಲ್ಲರೂ ಬರಲೇಬೇಕು ಅಂತ ಏನಿಲ್ಲ.

ಮೂಲೆಮನೆ (ಏಳು ವಾರದ ನಂತರ):
ಬದುಕಿದ್ದೇನೆ. ಸ್ಲೈಡ್ ಬಿಟ್ಟು ಕುರ್ಚಿ ಜೋಡಿಸಿದೆ.

ಮೊದಲು ಗಿಡ ಎಣಿಸಿದೆ. 13 ಇವೆ.

ಕ್ರೀಡಾ ಕ್ಲಬ್ ಹುಡುಗರಿಗೆ ಗಿಡವೂ ಬೇಡ, ಗೊಬ್ಬರವೂ ಬೇಡ. ಅವರ ತಲೆನೋವು ಮೈದಾನ. ಮಳೆ ಬಂದರೆ ಒಂದು ಮೂಲೆಯಲ್ಲಿ ನಾಲ್ಕು ದಿನ ನೀರು ನಿಲ್ಲುತ್ತದೆ, ಆಟ ಬಂದ್. ಇದನ್ನು ನಾನು ಮೂರು ವರ್ಷದಿಂದ ಕಣ್ಣಾರೆ ನೋಡುತ್ತಿದ್ದೇನೆ, ‘ಮಳೆ ನೀರು ಇಂಗಿಸೋಣ’ ಅಂತ ಸ್ಲೈಡೂ ಮಾಡಿದ್ದೆ. ಎರಡನ್ನೂ ಸೇರಿಸಿ ಯೋಚಿಸಲಿಲ್ಲ ನೋಡಿ! ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ನೋಡಿದೆವು. ಮಾರನೇ ದಿನಕ್ಕೆ ಇಂಗಿತ್ತು. ಮಣ್ಣು ಒಪ್ಪುತ್ತದೆ ಅಂತಾಯಿತು. ಕಟ್ಟಡದ ಅಡಿಪಾಯದಿಂದ ದೂರ ಎರಡು ಇಂಗುಗುಂಡಿ ಹುಡುಗರೇ ತೋಡಿದರು. ಕರೆಯಲೇ ಇಲ್ಲ, 16 ಜನ ಬಂದಿದ್ದರು. ದೊಡ್ಡ ಮಳೆ ಇನ್ನೂ ಬಂದಿಲ್ಲ, ಆದ್ದರಿಂದ ಗೆದ್ದೆವು ಅನ್ನುವಂತಿಲ್ಲ.

ವಾಕಿಂಗ್ ಹಿರಿಯರಿಗೆ ಬೇಕಾದದ್ದು ನೆರಳಿನಲ್ಲಿ ಒಂದು ಬೆಂಚು. ನಿವಾಸಿಗಳ ಸಂಘದಲ್ಲಿ ಮುರಿದ ಬೆಂಚು ಒಂದಿತ್ತು, ಹಳೇ ಸೈಕಲ್ ಅವರ ರಿಪೇರಿ ದಿನ ಓದಿ ಅದನ್ನು ಸರಿ ಮಾಡಿಸಿದೆವು. ತೊಟ್ಟಿಯ ಎದುರಿಗೇ ಹಾಕಿದ್ದಾರೆ. ಈಗ ದಿನಾ ಅವರು ಅಲ್ಲಿ ಕೂರುವುದರಿಂದ ತೊಟ್ಟಿಗೆ ಪ್ಲಾಸ್ಟಿಕ್ ಹಾಕುವ ಧೈರ್ಯ ಯಾರಿಗೂ ಇಲ್ಲ. ಪಾರ್ಕಿನ ತರಗೆಲೆ ಗೋಣಿಚೀಲಕ್ಕೆ ತುಂಬುವುದೂ ಅವರೇ. ವಾಸನೆ ನಿಂತಿದೆ ತರಗೆಲೆಯವರೇ, ಥ್ಯಾಂಕ್ಸ್. ಪಕ್ಕದ ಮನೆಯವರು ಬಂದು ಮೂಸಿದರು. ಏನೂ ಹೇಳಲಿಲ್ಲ. ಈಗ ಬೆಂಚಿನವರ ಮಾತಿನ ಸದ್ದಿಗೆ ಬೈಯುತ್ತಿದ್ದಾರೆ.

ಉಳಿತಾಯ ಸಂಘದವರು ಹಾಳೆ ಬರೆದರು. ಗೊಬ್ಬರದಲ್ಲಿ ಅರ್ಧ ಪಾಲು ಅವರದು, ಮಾರಿದ ದುಡ್ಡು ಅವರ ಖಾತೆಗೆ. ಮಗುಚುವ ಕೆಲಸಕ್ಕೆ ಕೂಲಿ ಅದರಿಂದಲೇ. ಇದಕ್ಕೆ ನಮ್ಮ ಐವರಲ್ಲಿ ಇಬ್ಬರಿಗೆ ಇನ್ನೂ ಸಮಾಧಾನ ಇಲ್ಲ. ಕಸ ಎತ್ತುವವರ ಜೊತೆ ಮಾತಾಡಿದೆ, ಒಣ ಕಸ ಅವರಿಗೇ ಬಿಟ್ಟಿದ್ದೇವೆ. ಶಾಲೆಯ ಪೋಷಕರು ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಒರಟು ಮಾತು:
ಬ್ಯಾನರ್?

ಮೂಲೆಮನೆ:
ಹರಿದು ಗೊಬ್ಬರದ ರಾಶಿಗೆ ಹೊದಿಸಿದ್ದಾರೆ. ನಮ್ಮ ಹೆಸರು ಒಳಗಡೆಗೆ.

ಸಂಜೆ ಆರರ ಸಭೆ:
ಮತ್ತೆ ಕೀ?

ಮೂಲೆಮನೆ:
ಒಂದು ಹಿರಿಯರ ಹತ್ತಿರ, ಒಂದು ಉಳಿತಾಯ ಸಂಘದವರ ಹತ್ತಿರ ಅಕ್ಕ. ಮೊನ್ನೆ ಗುದ್ದಲಿ ಬೇಕಾಗಿತ್ತು. ಅರ್ಧ ಗಂಟೆ ಶೆಡ್ಡಿನ ಹೊರಗೆ ನಿಂತು ಕಾದೆ.